ಗುದ್ದಿದವರಿಂದ ಕಾರಿನ ಬೆಲೆ ವಸೂಲಿ: 350 ಡಾಲರ್ ಕೊಟ್ಟು ವರದಿ ಮಾಡಿಸಬೇಕೇ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು ಸ್ಟಾರ್. ನೀವು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿದ್ದು, ತಪ್ಪು ಇನ್ನೊಬ್ಬರದ್ದೇ ಎಂದು ಪೊಲೀಸ್ ರಿಪೋರ್ಟ್ ಹೇಳುತ್ತಿದ್ದರೆ, ಕಾರು ತೀರಾ ಹಳೆಯದಲ್ಲದಿದ್ದರೆ, ಸ್ವತಂತ್ರ ಅಪ್ರೈಸರ್ (ಬೆಲೆ ಕಟ್ಟುವವರು) ಒಬ್ಬರ ಕೈಯಲ್ಲಿ ಡಿಮಿನಿಶ್ಡ್ ವ್ಯಾಲ್ಯೂ ವರದಿ, ಅಂದರೆ ರಿಪೇರಿಯಾದ ಮೇಲೂ ಅಪಘಾತದಿಂದ ಕಾರಿನ ಬೆಲೆ ಎಷ್ಟು ಇಳಿದಿದೆ ಎಂಬ ವರದಿ, ಮಾಡಿಸಿ. ನನ್ನ ಕಾರಿಗೆ ಗುದ್ದಿದವರ ಇನ್ಶೂರೆನ್ಸ್ ಕಂಪನಿ ಮೊದಲು ತೋರಿಸಿದ ಮೊತ್ತ 560 ಡಾಲರ್. ಕೊನೆಗೆ ಚೆಕ್ಕಿನಲ್ಲಿ ಬಂದದ್ದು 3,400. ವರದಿಯ ಖರ್ಚು 350 ಕಳೆದರೂ 3,050 ನನ್ನ ಕೈಯಲ್ಲಿ ಉಳಿಯಿತು. ಕಡಿತವಾದ ಒಂದು ಸ್ಟಾರ್‌ಗೂ ಕಾರಣವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಪ್ರೈಸರ್ ಹೆಸರು ಹಾಕುತ್ತಿಲ್ಲ. ಅವರದು ಒಬ್ಬರೇ ನಡೆಸುವ ಆಫೀಸು, ಈಗಲೇ ಫೋನಿಗೆ ಸಿಗುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ನೀವು ಯಾರ ಹತ್ತಿರ ಹೋದರೂ ನೋಡಬೇಕಾದ್ದು ಅವರು ಕೆಲಸ ಮಾಡುವ ರೀತಿ. ಅದನ್ನೇ ಬಿಡಿಸಿ ಬರೆಯುತ್ತೇನೆ.

ಕಾರು 2021ರ ಹೋಂಡಾ ಸಿಆರ್-ವಿ, ಓಡಿದ್ದು 27,000 ಮೈಲಿಯ ಆಸುಪಾಸು. ಪೀಚ್‌ಟ್ರೀ ಇಂಡಸ್ಟ್ರಿಯಲ್ ಬುಲೆವಾರ್ಡ್‌ನಲ್ಲಿ ಕೆಂಪು ದೀಪಕ್ಕೆ ನಿಂತಿದ್ದಾಗ ಪಿಕಪ್ ಟ್ರಕ್ಕೊಂದು ಹಿಂದಿನ ಎಡ ಮೂಲೆಗೆ ಬಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಚಾಲಕನಿಗೆ ಪೊಲೀಸರು ಅಲ್ಲೇ ಟಿಕೆಟ್ ಬರೆದರು, ಅವನ ಇನ್ಶೂರೆನ್ಸ್‌ನವರೂ ತಪ್ಪು ತಮ್ಮ ಕಡೆಯದೆಂದು ತಕರಾರಿಲ್ಲದೆ ಒಪ್ಪಿಕೊಂಡರು. ರಿಪೇರಿ ಬಿಲ್ಲು 9,800 ಡಾಲರ್, ಜೊತೆಗೆ ಬಾಡಿಗೆ ಕಾರಿನ ಖರ್ಚು, ಎರಡನ್ನೂ ಅವರೇ ಕಟ್ಟಿದರು. ಇಲ್ಲಿಯವರೆಗೆ ದೂರಲು ಏನೂ ಇಲ್ಲ.

ತಕರಾರು ಶುರುವಾದದ್ದು ಕಾರು ಹೊಳೆಯುತ್ತಾ ವಾಪಸು ಬಂದ ಮೇಲೆ. ನನ್ನ ಚಿಕ್ಕಪ್ಪನ ಮಗ ಇಲ್ಲೇ ಹತ್ತಿರ ಇದ್ದಾನೆ. ಅವನ ಮಾತು: "ಅಕ್ಕಾ, ಹೊಸದರ ಹಾಗೆ ಮಾಡಿಕೊಟ್ಟಿದ್ದಾರಲ್ಲ, ಇನ್ನೇನು ಬೇಕು ನಿಂಗೆ?" ಬಹಳ ಜನ ಯೋಚಿಸುವುದು ಹೀಗೆಯೇ. ಆದರೆ ಕಾರು ಮಾರುವ ದಿನ ಎದುರಿಗೆ ಕೂತವನು ಹೊಳಪು ನೋಡುವುದಿಲ್ಲ, ಕಾರಿನ ಪೂರ್ವ ಇತಿಹಾಸ ತೋರಿಸುವ ಕಾರ್‌ಫ್ಯಾಕ್ಸ್ ತೆಗೆಯುತ್ತಾನೆ. ಅದರಲ್ಲಿ ಅಪಘಾತ ದಾಖಲಾಗಿದೆ, ಹಿಂಭಾಗಕ್ಕೆ ಹಾನಿ ಎಂದಿದೆ. ಅದೇ ವರ್ಷದ, ಅಷ್ಟೇ ಮೈಲಿ ಓಡಿದ, ಅಪಘಾತವಿಲ್ಲದ ಇನ್ನೊಂದು ಸಿಆರ್-ವಿ ಪಕ್ಕದ ಸಾಲಿನಲ್ಲಿದ್ದರೆ ನನ್ನ ಕಾರನ್ನು ಅದೇ ಬೆಲೆಗೆ ಯಾರು ತಗೊಳ್ಳುತ್ತಾರೆ? ನಾನಾದರೂ ತಗೊಳ್ಳುವುದಿಲ್ಲ. ರಿಪೇರಿ ಎಷ್ಟೇ ಚೆನ್ನಾಗಿದ್ದರೂ ಬೀಳುವ ಈ ಬೆಲೆಗೆ ಇಲ್ಲಿನವರು 'ಇನ್‌ಹೆರೆಂಟ್' ನಷ್ಟ ಅನ್ನುತ್ತಾರೆ. ರಿಪೇರಿಯೇ ಕೆಟ್ಟದಾಗಿದ್ದರೆ ಆಗುವ ನಷ್ಟ ಬೇರೆ, ಅದರ ಜಗಳ ಬಾಡಿ ಶಾಪ್ ಜೊತೆ.

ಜಾರ್ಜಿಯಾದಲ್ಲಿ ಈ ನಷ್ಟ ಕೇಳುವುದು ಭಿಕ್ಷೆಯಲ್ಲ, ಹಕ್ಕು. ಗುದ್ದಿದವನು ತುಂಬಿಕೊಡಬೇಕಾದ್ದು ಅಪಘಾತಕ್ಕೆ ಮುಂಚಿನ ಬೆಲೆಗೂ ಆಮೇಲಿನ ಬೆಲೆಗೂ ಇರುವ ವ್ಯತ್ಯಾಸವನ್ನು. 2001ರಲ್ಲಿ ಸ್ಟೇಟ್ ಫಾರ್ಮ್ ಇನ್ಶೂರೆನ್ಸ್ ಕಂಪನಿ ಮತ್ತು ಮೇಬ್ರಿ ಎಂಬವರ ನಡುವಿನ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡಿದರೂ ಕಂಪನಿ ರಿಪೇರಿ ಖರ್ಚಿನ ಜೊತೆಗೆ ಬೆಲೆ ಇಳಿದಿದೆಯೇ ಎಂದು ತಾನೇ ನೋಡಬೇಕು, ಇಳಿದಿದ್ದರೆ ಕೊಡಬೇಕು ಎಂದಿತು. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಗುದ್ದಿದವರ ಕಂಪನಿಯನ್ನು ಕೇಳಬಹುದು, ಆದರೆ ಸ್ವಂತ ಪಾಲಿಸಿಯಲ್ಲಿ ಸಿಗುವುದು ಅಪರೂಪ. ನಿಮ್ಮ ರಾಜ್ಯದ ನಿಯಮ ನೋಡಿಕೊಂಡು ಮುಂದುವರಿಯಿರಿ.

ಹಕ್ಕಿದೆ ಎಂದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ನಾನು ಕೇಳಿದ್ದಕ್ಕೆ ಅಡ್ಜಸ್ಟರ್ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವವರು) ಒಂದು ಪುಟದ ಲೆಕ್ಕ ಕಳಿಸಿದರು. ನನ್ನ ಉದ್ಯೋಗವೇ ಲೆಕ್ಕಪತ್ರ, ದಿನವಿಡೀ ಬೇರೆಯವರ ಇನ್‌ವಾಯ್ಸ್ ತಪಾಸಣೆ ಮಾಡುತ್ತೇನೆ. ಇಂಥ ಲೆಕ್ಕವನ್ನು ಯಾವ ಸಪ್ಲೈಯರ್ ಕಳಿಸಿದ್ದರೂ ತಿರುಗಿಸಿ ಕಳಿಸುತ್ತಿದ್ದೆ. ಇದಕ್ಕೆ 17ಸಿ ಸೂತ್ರ ಅನ್ನುತ್ತಾರೆ. ಅದೇ ಮೇಬ್ರಿ ಮೊಕದ್ದಮೆಯ ಕಾಗದಪತ್ರಗಳಲ್ಲಿ 17ನೇ ಪ್ಯಾರಾದ ಸಿ ಭಾಗದಲ್ಲಿ ಬಂದದ್ದರಿಂದ ಆ ಹೆಸರು.

ಅದು ಹೀಗಿದೆ. ಅಪಘಾತಕ್ಕೆ ಮುಂಚೆ ಕಾರಿನ ಬೆಲೆ 28,000 ಡಾಲರ್ ಎಂದು ಅವರೇ ಒಪ್ಪಿದ್ದರು. ಅದರಲ್ಲಿ ಶೇ. 10, ಅಂದರೆ 2,800, ಗರಿಷ್ಠ ಮಿತಿ. ಕಾರು ಎಷ್ಟೇ ಜಜ್ಜಿಹೋಗಿರಲಿ, ಅದನ್ನು ದಾಟುವಂತಿಲ್ಲ. ಶೇ. 10 ಯಾಕೆ, ಶೇ. 15 ಯಾಕಲ್ಲ ಅಂತ ಕೇಳಿದರೆ ಉತ್ತರವಿಲ್ಲ. ಆಮೇಲೆ ಹಾನಿಯ ಗುಣಕ: ತೀವ್ರ ಹಾನಿಗೆ 1, ದೊಡ್ಡದಕ್ಕೆ 0.75, ಮಧ್ಯಮಕ್ಕೆ 0.50, ಸಣ್ಣದಕ್ಕೆ 0.25, ಪ್ಯಾನೆಲ್ ಬದಲಾಯಿಸುವಂಥದ್ದೇನೂ ಇಲ್ಲದಿದ್ದರೆ ಸೊನ್ನೆ. ನನಗೆ 0.25 ಹಾಕಿದ್ದರು. ಕೊನೆಗೆ ಮೈಲಿಯ ಗುಣಕ: 20,000ದ ಒಳಗಿದ್ದರೆ 1, ಆಮೇಲೆ ಪ್ರತಿ 20,000 ಮೈಲಿಗೂ 0.20 ಕಡಿಮೆಯಾಗುತ್ತಾ ಒಂದು ಲಕ್ಷ ಮೈಲಿಗೆ ಸೊನ್ನೆ. ನನ್ನದಕ್ಕೆ 0.80. ಒಟ್ಟು ಗುಣಿಸಿದರೆ 560 ಡಾಲರ್.

ಮೈಲಿಯ ಗುಣಕವೇ ನನಗೆ ಸಿಟ್ಟು ಬರಿಸಿದ್ದು. 28,000 ಎಂಬ ಬೆಲೆಯನ್ನು ಕಟ್ಟುವಾಗಲೇ 27,000 ಮೈಲಿ ಓಡಿದೆ ಎಂದು ಕಳೆದಾಗಿದೆ. ಅದೇ ಮೈಲಿಗೆ ಇಲ್ಲಿ ಮತ್ತೊಮ್ಮೆ ಶೇ. 20 ಕಡಿತ. ಒಂದೇ ಖರ್ಚನ್ನು ಎರಡು ಕಡೆ ಬರೆದರೆ ನಮ್ಮ ಆಫೀಸಿನಲ್ಲಿ ಅದಕ್ಕೆ ಬೇರೆ ಹೆಸರಿದೆ. ಇನ್ನು ಒಂದು ಲಕ್ಷ ಮೈಲಿ ಓಡಿದ ಕಾರಿಗೆ ಅಪಘಾತದಿಂದ ಒಂದು ಪೈಸೆಯೂ ನಷ್ಟವಿಲ್ಲ ಅನ್ನುವುದನ್ನು, ಹಳೆ ಟೊಯೋಟಾ ಮಾರಲು ಹೋದ ಯಾರನ್ನಾದರೂ ಕೇಳಿ ನೋಡಿ.

ಈ ಸೂತ್ರವನ್ನು ಕಂಪನಿಗಳು ಸರ್ಕಾರಿ ಕಾನೂನು ಎಂಬ ಧಾಟಿಯಲ್ಲಿ ಕಳಿಸುತ್ತವೆ. ಅದು ಕಾನೂನಲ್ಲ. ತಾನು ಯಾವ ನಿರ್ದಿಷ್ಟ ಸೂತ್ರವನ್ನೂ ಅನುಮೋದಿಸಿಲ್ಲ ಎಂದು ಜಾರ್ಜಿಯಾದ ಇನ್ಶೂರೆನ್ಸ್ ಕಮಿಷನರ್ ಕಚೇರಿ 2008ರಲ್ಲೇ ಕಂಪನಿಗಳಿಗೆ ಸೂಚನೆ ಹೊರಡಿಸಿತ್ತು. ಫೋನಿನಲ್ಲಿ "ಇದು ರಾಜ್ಯದ ಫಾರ್ಮುಲಾ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರೆ, ಅದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ ಎಂದು ಕೇಳಿ. ನನಗೆ ಆ ಇಮೇಲ್ ಬರಲೇ ಇಲ್ಲ.

ಅಪ್ರೈಸರ್ ಹುಡುಕುವಾಗ ಮೂರು ಥರದವರು ಕಂಡರು. ಒಂದು, ಕಾರಿನ ನಂಬರು ಹಾಕಿದರೆ ಕೂಡಲೇ ವರದಿ ಕೊಡುವ ವೆಬ್‌ಸೈಟುಗಳು. ಅಗ್ಗ, ಆದರೆ ಅವರು ಕಾರನ್ನು ನೋಡುವುದೇ ಇಲ್ಲ. ಅಡ್ಜಸ್ಟರ್‌ಗಳಿಗೆ ಅಂಥ ವರದಿ ದಿನವೂ ಬರುತ್ತಿರುತ್ತದೆ, ಓದದೆ ಪಕ್ಕಕ್ಕಿಡುತ್ತಾರೆ. ಎರಡು, ಬಂದದ್ದರಲ್ಲಿ ಪಾಲು ತಗೊಳ್ಳುವವರು. ಮುಂಗಡ ಕೊಡಬೇಕಿಲ್ಲ ಎಂದರೆ ಮನಸ್ಸು ವಾಲುವುದು ಸಹಜ. ಆದರೆ ಮೊತ್ತ ಹೆಚ್ಚಾದಷ್ಟೂ ತನ್ನ ಪಾಲು ಹೆಚ್ಚಾಗುವವನು ಬರೆದ ಬೆಲೆಯನ್ನು ಕೋರ್ಟಿನಲ್ಲಿ ಯಾರು ನಂಬುತ್ತಾರೆ? ವಕೀಲರು ಪಾಲು ತಗೊಂಡರೆ ಸರಿ, ಬೆಲೆ ಕಟ್ಟುವವರು ತಗೊಳ್ಳಬಾರದು. ಮೂರನೆಯವರು ನಿಗದಿತ ಫೀಸಿಗೆ ಬಂದು ಕಾರು ನೋಡಿ ಬರೆಯುವವರು. ನಾನು ಹೋದದ್ದು ಇಂಥವರ ಹತ್ತಿರ. ಅವರು ಮೊದಲು ಬಾಡಿ ಶಾಪ್‌ನಲ್ಲಿ ಎಸ್ಟಿಮೇಟ್ ಬರೆಯುತ್ತಿದ್ದವರಂತೆ, ಅದು ಅವರು ಕಾರಿನ ಸುತ್ತ ಒಂದು ಸುತ್ತು ಬರುವಾಗಲೇ ಗೊತ್ತಾಗುತ್ತದೆ.

ಬರುವ ಮುಂಚೆಯೇ ಬಾಡಿ ಶಾಪ್‌ನ ಕೊನೆಯ ಬಿಲ್ಲು ಕೇಳಿದರು. ಮೊದಲ ಎಸ್ಟಿಮೇಟ್ ಸಾಲದು, ಬಿಚ್ಚಿದ ಮೇಲೆ ಸೇರಿಸಿದ ಸಪ್ಲಿಮೆಂಟ್‌ಗಳೂ ಬೇಕು ಎಂದರು. ನಾನು ಫೈಲಿನಲ್ಲಿ ಎಲ್ಲ ಇಟ್ಟಿದ್ದೆ, ಕಳಿಸಿದೆ. ಅಡ್ಜಸ್ಟರ್ 'ಸಣ್ಣ ಹಾನಿ' ಎಂದು ಬರೆದದ್ದು ಮೊದಲ ಎಸ್ಟಿಮೇಟ್ ನೋಡಿ. ಅದರಲ್ಲಿ ಬಂಪರ್, ಟೈಲ್ ಲೈಟ್, ಪೇಂಟ್ ಅಷ್ಟೇ ಇತ್ತು. ಸಪ್ಲಿಮೆಂಟಿನಲ್ಲಿ ಎಡಗಡೆಯ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ಪಕ್ಕದ ತಗಡು) ಕತ್ತರಿಸಿ ಹೊಸದು ಕೂರಿಸಿದ್ದು, ಹಿಂದಿನ ಬಾಡಿ ಪ್ಯಾನೆಲ್ ಎಳೆದು ಸರಿಮಾಡಿದ್ದು, ಬಂಪರ್ ಹಿಂದಿರುವ ಬ್ಲೈಂಡ್ ಸ್ಪಾಟ್ ಸೆನ್ಸರ್ ಬದಲಾಯಿಸಿದ್ದು ಎಲ್ಲ ಇದೆ. ಬಂಪರನ್ನು ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಕ್ವಾರ್ಟರ್ ಪ್ಯಾನೆಲ್ ಹಾಗಲ್ಲ, ಅದು ಕಾರಿನ ಮೈಗೆ ವೆಲ್ಡ್ ಆಗಿರುವ ಭಾಗ, ಗರಗಸ ಹಾಕದೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿಗೆ ಇವೆರಡರ ನಡುವೆ ಭೂಮಿ ಆಕಾಶದ ಅಂತರ.

ಕಾರು ನೋಡಲು ಬಂದವರು ಮೊದಲು ಜೇಬಿನಿಂದ ತೆಗೆದದ್ದು ಪೇಂಟಿನ ದಪ್ಪ ಅಳೆಯುವ ಪುಟ್ಟ ಮೀಟರ್. ಬಲಗಡೆಯ ಪ್ಯಾನೆಲ್ ಮೇಲೆ ಇಟ್ಟರು: 4.6, 4.8, 4.5. ಇದು ಮಿಲ್ ಲೆಕ್ಕ, ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ ನಾಲ್ಕರಿಂದ ಆರರೊಳಗೆ ಇರುತ್ತದಂತೆ. ಎಡಗಡೆಗೆ ಬಂದರು. ಹಿಂದಿನ ಬಾಗಿಲ ಮೇಲೆ 8.9. ಆ ಬಾಗಿಲಿಗೆ ಏಟೇ ಬಿದ್ದಿರಲಿಲ್ಲ, ಬಣ್ಣ ಹೊಂದಲೆಂದು ಅದಕ್ಕೂ ಬಳಿದಿದ್ದಾರೆ. ಕ್ವಾರ್ಟರ್ ಪ್ಯಾನೆಲ್ ಮೇಲೆ 9ರ ಆಸುಪಾಸು. ಕಿಟಕಿಯ ಪಕ್ಕದ ಕಂಬಕ್ಕೆ, ಹಳೆಯ ಲೋಹಕ್ಕೆ ಹೊಸದು ಸೇರಿಸಿದ ಜಾಗಕ್ಕೆ ಮೀಟರ್ ಒಯ್ದಾಗ 23 ತೋರಿಸಿತು. ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ, ಬೆರಳಾಡಿಸಿದರೂ ತಿಳಿಯುವುದಿಲ್ಲ. ಅಷ್ಟು ನಾಜೂಕಾಗಿ ಉಜ್ಜಿದ್ದಾರೆ.

ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟರು. ಎರಡು ತಗಡು ಕೂಡುವಲ್ಲಿ ನೀರು ಇಳಿಯದಂತೆ ಸೀಲರ್ ಹಾಕಿರುತ್ತಾರಲ್ಲ, ಬಲಗಡೆ ಅದು ಯಂತ್ರ ಎಳೆದ ಒಂದೇ ಅಗಲದ ಗೆರೆ. ಎಡಗಡೆ ಬ್ರಷ್ಷಿನಿಂದ ಬಳಿದದ್ದು, ಕೂದಲಿನ ಗೀರುಗಳೂ ಕಾಣುತ್ತವೆ. "ಶಾಪ್‌ನವರು ಕೆಲಸ ಚೆನ್ನಾಗಿಯೇ ಮಾಡಿದ್ದಾರೆ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಹರಾಜಿಗೆ ಬರುವ ಯಾವ ವ್ಯಾಪಾರಿಗಾದರೂ ಇದು ಅರ್ಧ ನಿಮಿಷದಲ್ಲಿ ಸಿಗುತ್ತದೆ" ಎಂದರು. ಪ್ರತಿಯೊಂದಕ್ಕೂ ಮೀಟರ್ ಸಮೇತ ಫೋಟೋ. ನಾನು ಕೊಟ್ಟ 350ರಲ್ಲಿ 300 ಈ ಫೋಟೋಗಳಿಗೇ ಸಲ್ಲಬೇಕು ಎಂದು ಈಗಲೂ ನನ್ನ ಅಭಿಪ್ರಾಯ.

ಇನ್ನೊಂದು ಉಪಕಾರವನ್ನೂ ಮಾಡಿದರು, ಅದಕ್ಕೆ ಫೀಸು ತಗೊಳ್ಳಲಿಲ್ಲ. ರಿಪೇರಿ ಹಣದ ಜೊತೆ ಬರುವ ಕಾಗದಗಳಲ್ಲಿ ಎಲ್ಲ ಬಾಕಿಯೂ ತೀರಿತು ಎನ್ನುವ ರಿಲೀಸ್ ಫಾರಂ ಇದ್ದರೆ ಸಹಿ ಹಾಕಬೇಡಿ, ಹಾಕಿದರೆ ಈ ಕ್ಲೇಮ್ ಅಲ್ಲಿಗೇ ಮುಗಿಯಿತು ಎಂದರು. ಎದುರಿನವನ ಪಾಲಿಸಿಯ ಮಿತಿ ಎಷ್ಟೆಂದು ಕೇಳಿಕೊಳ್ಳಿ ಎಂದೂ ಹೇಳಿದರು. ಜಾರ್ಜಿಯಾದಲ್ಲಿ ಆಸ್ತಿ ಹಾನಿಗೆ ಕನಿಷ್ಠ ಪಾಲಿಸಿ 25,000 ಡಾಲರ್. ರಿಪೇರಿ, ಬಾಡಿಗೆ ಕಾರು, ಬೆಲೆ ನಷ್ಟ ಎಲ್ಲ ಆ ಒಂದೇ ಗಂಟಿನಿಂದ ಬರಬೇಕು. ನನ್ನದು ಸುಲಭವಾಗಿ ಅದರೊಳಗೆ ಮುಗಿಯುತ್ತಿತ್ತು. ದುಬಾರಿ ಕಾರಿನವರು, ಒಂದಕ್ಕಿಂತ ಹೆಚ್ಚು ಕಾರು ಗುದ್ದಿಕೊಂಡ ಅಪಘಾತದಲ್ಲಿ ಸಿಕ್ಕವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಈಗ ಆ ಕಳೆದ ಸ್ಟಾರ್. ಬಂದ ವರದಿಯಲ್ಲಿ ನನ್ನ ಸಿಆರ್-ವಿಯ ಮಾದರಿ ಇಎಕ್ಸ್ ಎಂದು ಬರೆದಿದ್ದರು, ಅದು ಲೆದರ್ ಸೀಟಿರುವ ಇಎಕ್ಸ್-ಎಲ್. ಲೆದರ್ ಸೀಟಿನ ಮೇಲೆ ಕೂತು ಫೋಟೋ ತೆಗೆದವರೇ ಹೀಗೆ ಬರೆದರೆ ಏನು ಹೇಳುವುದು? ಮೊದಲ ಹಲವು ಪುಟ ಎಲ್ಲ ಗಿರಾಕಿಗಳಿಗೂ ಹೋಗುವ ಸಿದ್ಧ ಸರಕು, ಡಿಮಿನಿಶ್ಡ್ ವ್ಯಾಲ್ಯೂ ಎಂದರೇನು ಎಂಬ ಪಾಠ. ಒಂದು ಕಡೆ ಬೇರೆ ಯಾರದೋ ಕಾರಿನ ಬಣ್ಣವೂ ಉಳಿದುಕೊಂಡಿತ್ತು. ಇಂಥ ಒಂದು ತಪ್ಪು ಸಾಕು, ಉಳಿದದ್ದೆಲ್ಲ ಹೀಗೇ ಇರಬೇಕು ಎನ್ನಲು ಅಡ್ಜಸ್ಟರ್‌ಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಹೇಳಿದ್ದಕ್ಕೆ ತಿದ್ದಿದರು, ಆದರೆ ಅದಕ್ಕಾಗಿ ಬೆನ್ನು ಹತ್ತಬೇಕಾಯಿತು. ವರದಿ ಕೈಗೆ ಬಂದ ಕೂಡಲೇ ಕಳಿಸಬೇಡಿ, ಸಾಲು ಸಾಲು ಓದಿ.

ತಿದ್ದಿದ ವರದಿಯ ಮುಖ್ಯ ಭಾಗ ಮಾತ್ರ ಗಟ್ಟಿಯಾಗಿತ್ತು. ಹತ್ತಿರದ ಹೋಂಡಾ ಡೀಲರ್‌ಗಳ ಸೆಕೆಂಡ್ ಹ್ಯಾಂಡ್ ವಿಭಾಗದ ಮ್ಯಾನೇಜರ್‌ಗಳಿಗೆ ಫೋನ್ ಮಾಡಿ, ಕಾರಿನ ವಿವರ, ರಿಪೇರಿ ವಿವರ ಓದಿ ಹೇಳಿ, ಅಪಘಾತವಿಲ್ಲದಿದ್ದರೆ ಎಷ್ಟು ಕೊಡುತ್ತೀರಿ, ಈಗ ಎಷ್ಟು ಎಂದು ಕೇಳಿ ಬರೆದುಕೊಂಡಿದ್ದರು. ಯಾರು, ಯಾವ ದಿನ, ಏನೆಂದರು ಎಲ್ಲ ದಾಖಲು. ಅಪಘಾತವಾದ ಮತ್ತು ಆಗದ ಅದೇ ಮಾದರಿಯ ಕಾರುಗಳ ಮಾರಾಟ ಜಾಹೀರಾತುಗಳ ಹೋಲಿಕೆಯೂ ಇತ್ತು. ಒಟ್ಟು ನಷ್ಟ 4,300 ಡಾಲರ್ ಎಂದು ಕಟ್ಟಿದ್ದರು. ನನ್ನ ಪ್ರಕಾರ ಸ್ವಲ್ಪ ಎಳೆದು ಕಟ್ಟಿದ ಅಂಕಿ ಅದು. ಚೌಕಾಸಿಗೆ ಜಾಗ ಬೇಕಲ್ಲ.

ಚೌಕಾಸಿ ಮಾತ್ರ ನಿಮ್ಮದೇ. ಅಪ್ರೈಸರ್ ಫೋನ್ ಮಾಡಿ ವಾದಿಸುವುದಿಲ್ಲ, ಅದು ತಮ್ಮ ಕೆಲಸವಲ್ಲ ಎಂದು ಮೊದಲೇ ಹೇಳಿದ್ದರು. ವರದಿ ಸಿಕ್ಕ ಮೇಲೆ ಅಡ್ಜಸ್ಟರ್ ಕಡೆಯಿಂದ ಬಂದ ಉತ್ತರ 1,120. ಅಂದರೆ 0.25 ಇದ್ದ ಕಡೆ 0.50 ಹಾಕಿದ್ದಾರೆ, ಉಳಿದದ್ದೆಲ್ಲ ಹಾಗೇ ಇದೆ. ಮೂಗಿಗೆ ತುಪ್ಪ. ವೆಲ್ಡ್ ಮಾಡಿದ ಜಾಗದ ಫೋಟೋ ಬಗ್ಗೆ, ಡೀಲರ್‌ಗಳ ಬೆಲೆಗಳ ಬಗ್ಗೆ ಒಂದಕ್ಷರವಿಲ್ಲ. ನಾನು ಸೂತ್ರದ ಬಗ್ಗೆ ವಾದಿಸುವುದು ಬಿಟ್ಟು ಒಂದೇ ಪ್ರಶ್ನೆ ಬರೆದೆ: ಈ ಕಾರನ್ನು ಈ ಸ್ಥಿತಿಯಲ್ಲಿ 26,880 ಡಾಲರ್‌ಗೆ ಕೊಳ್ಳುವ ಒಬ್ಬ ವ್ಯಾಪಾರಿಯನ್ನು ತೋರಿಸಿ. 28,000ದಲ್ಲಿ ನಿಮ್ಮ 1,120 ಕಳೆದರೆ ಉಳಿಯುವುದು ಅಷ್ಟೇ ತಾನೆ?

ಅದರ ಜೊತೆಗೆ ಜಾರ್ಜಿಯಾ ಕಾನೂನಿನ 33-4-7ನೇ ಕಲಮಿನಡಿ ಸರ್ಟಿಫೈಡ್ ಮೇಲ್‌ನಲ್ಲಿ ಡಿಮ್ಯಾಂಡ್ ನೋಟಿಸ್ ಕಳಿಸಿದೆ. ಈ ಕಲಮು ಬಹಳ ಜನಕ್ಕೆ ಗೊತ್ತಿಲ್ಲ. ಗುದ್ದಿದವರ ಇನ್ಶೂರೆನ್ಸ್ ಕಂಪನಿ ನ್ಯಾಯವಾದ ವಾಹನ ನಷ್ಟವನ್ನು ಬೇಕೆಂದೇ ಕೊಡದೆ ಸತಾಯಿಸಿದರೆ, ಮೊಕದ್ದಮೆ ಹೂಡುವ ಕನಿಷ್ಠ 60 ದಿನ ಮುಂಚೆ ನೋಟಿಸ್ ಹೋಗಿದ್ದಲ್ಲಿ, ನಷ್ಟದ ಅರ್ಧ ಅಥವಾ 5,000 ಡಾಲರ್, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ಬೀಳಬಹುದು, ವಕೀಲರ ಫೀಸು ಬೇರೆ. ಮೂರು ನಾಲ್ಕು ಸಾವಿರದ ಜಗಳದಲ್ಲಿ 5,000ದ ದಂಡ ಎಂದರೆ ಅವರ ಲೆಕ್ಕವೇ ಬುಡಮೇಲು. ಕಡತ ಬೇರೆ ಮೇಜಿಗೆ ಹೋಯಿತು, ಹೊಸ ಅಡ್ಜಸ್ಟರ್ ಫೋನ್ ಮಾಡಿದರು. ಅವರು ಫೋಟೋಗಳನ್ನು ನಿಜವಾಗಿ ನೋಡಿದ್ದರು, 23 ಮಿಲ್ ಎಲ್ಲಿಯದು ಎಂದು ತಾವಾಗಿಯೇ ಕೇಳಿದರು. 2,600 ಎಂದರು, ನಾನು 3,800 ಎಂದೆ, 3,400ಕ್ಕೆ ಕೂಡಿಬಂತು. ನಮ್ಮವರು ಪಕ್ಕದಲ್ಲಿ ಕೂತು 'ಸಾಕು, ಒಪ್ಪಿಕೋ' ಎಂದು 2,600ರಲ್ಲೇ ಸನ್ನೆ ಮಾಡುತ್ತಿದ್ದರು.

ಯಾರಿಗೆ ಇದು ಬೇಡ ಎಂದೂ ಹೇಳಬೇಕು. ಬಂಪರ್ ಮಾತ್ರ ಬದಲಾಗಿ ಬಿಲ್ಲು ಸಾವಿರ ಒಂದೂವರೆ ಸಾವಿರದೊಳಗೆ ಮುಗಿದಿದ್ದರೆ ವರದಿಯ ಖರ್ಚೇ ಹುಟ್ಟಲಿಕ್ಕಿಲ್ಲ. ಕಾರಿಗೆ ಮುಂಚೆಯೇ ಒಂದು ಅಪಘಾತ ದಾಖಲಾಗಿದ್ದರೆ ಎರಡನೆಯದರಿಂದ ಇಳಿದ ಬೆಲೆ ಇಷ್ಟು ಎಂದು ತೋರಿಸುವುದು ಕಷ್ಟ. ಲೀಸ್ ಕಾರಾದರೆ ಮಾಲೀಕರು ನೀವಲ್ಲ, ಆ ಹಣ ಯಾರದೆಂದು ಲೀಸ್ ಒಪ್ಪಂದ ಓದಿ. ಹಾಗೆಯೇ, ರಿಪೇರಿ ಆಗಿ ತುಂಬಾ ದಿನವಾಯಿತೆಂದು ಕೈಬಿಡಬೇಡಿ, ಜಾರ್ಜಿಯಾದಲ್ಲಿ ವಾಹನ ಹಾನಿಗೆ ಮೊಕದ್ದಮೆ ಹೂಡಲು ನಾಲ್ಕು ವರ್ಷ ಸಮಯವಿದೆ.

ಮಾತುಕತೆಯಲ್ಲಿ ಮುಗಿಯದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ, 15,000 ಡಾಲರ್‌ವರೆಗಿನ ದಾವೆ, ವಕೀಲರಿಲ್ಲದೆ ನಾವೇ ಹಾಕಬಹುದು. ದಾವೆ ಹೂಡುವುದು ಗುದ್ದಿದ ಚಾಲಕನ ಮೇಲೆ, ಅವನ ಪರವಾಗಿ ಕಂಪನಿಯ ವಕೀಲರು ಬರುತ್ತಾರೆ. ಅಲ್ಲಿ ವರದಿಯ ಕಾಗದ ಕೊಟ್ಟರೆ ಸಾಲದು, ಬರೆದವರೇ ಬಂದು ಸಾಕ್ಷಿ ಹೇಳಿದರೆ ತೂಕ. ನಮ್ಮ ಅಪ್ರೈಸರ್ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಫೀಸು ತಗೊಳ್ಳುತ್ತಾರೆ, 350ರಲ್ಲಿ ಅದು ಸೇರಿಲ್ಲ. ಈ ವಿಷಯ ಅವರ ವೆಬ್‌ಸೈಟಿನಲ್ಲಿ ಎಲ್ಲೂ ಇಲ್ಲ, ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ದುಡ್ಡು ಕಟ್ಟುವ ಮುಂಚೆ ಗಂಟೆಗೆ ಎಷ್ಟು, ಕೋರ್ಟಿಗೆ ಬಂದು ಹೋಗುವ ಸಮಯವೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿ ಬರವಣಿಗೆಯಲ್ಲಿ ತಗೊಳ್ಳಿ.